ಮುನ್ನೂರು ಸಲ ಬಂದ ಬಸ್ಸು

ನಾನೂರ ಹನ್ನೆರಡನೆಯ ವಾಕ್ಯಕ್ಕೆ ಕಂಪ್ಯೂಟರ್ ಕೈ ಎತ್ತಿತು. ಡಿಸ್ಕ್ ತುಂಬಿದೆ, ಧ್ವನಿ ಉಳಿಸಲಾಗುತ್ತಿಲ್ಲ ಎಂದು ಪರದೆಯ ಮೇಲೆ ಬಂತು. ಮೈಕಿನ ಮುಂದೆ ಬಾಯಿ ತೆರೆದಿದ್ದ ಮಾವ ಹಾಗೇ ಕೂತರು.

"ಮುಗೀತಾ?"

"ಇಲ್ಲ ಮಾವ. ಜಾಗ ಇಲ್ವಂತೆ."

"ಆ ಮಾತು ನನ್ನೆದುರು ಆಡಬೇಡಮ್ಮ. ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದೆ, ಒಬ್ಬರಿಗೂ ಜಾಗ ಇಲ್ಲ ಅಂದವನಲ್ಲ."

ಅಂದು ಶನಿವಾರ. ಸೋಮವಾರ ಬೆಳಿಗ್ಗೆ ಅವರ ಗಂಟಲಿನ ಶಸ್ತ್ರಚಿಕಿತ್ಸೆ. ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಡುತ್ತಾರೆ. ಮಾತಿನ ಚಿಕಿತ್ಸೆ ನೋಡುವ ಮೇಡಂ ಆರುನೂರು ವಾಕ್ಯಗಳ ಪಟ್ಟಿ ಕೊಟ್ಟಿದ್ದರು. ಅಷ್ಟನ್ನೂ ಅವರ ಗಂಟಲಲ್ಲೇ ಹಿಡಿದುಕೊಟ್ಟರೆ, ಮುಂದೆ ಅವರು ಬೆರಳಿನಿಂದ ಒತ್ತಿದ್ದನ್ನು ಒಂದು ಪುಟ್ಟ ಯಂತ್ರ ಅವರದೇ ದನಿಯಲ್ಲಿ ಹೇಳುತ್ತದೆ. "ಭಾನುವಾರ ಸಂಜೆ ಐದರೊಳಗೆ ಕಳಿಸಿ. ಸೋಮವಾರದ ಮೇಲೆ ಹಿಡಿಯೋಕೆ ದನಿಯೇ ಇರಲ್ಲ" ಎಂದಿದ್ದರು. ಹತ್ತು ವಾಕ್ಯ ಹೇಳಿದರೆ ಮಾವನಿಗೆ ಅರ್ಧ ಗಂಟೆ ಸುಧಾರಿಸಿಕೊಳ್ಳಬೇಕು. ಇನ್ನೂ ನೂರ ಎಂಬತ್ತೊಂಬತ್ತು ಬಾಕಿ.

ಆ ವಾರದಲ್ಲಿ ಡಿಸ್ಕ್ ತುಂಬಿದ್ದು ಮೂರನೆಯ ಸಲ. ಮಂಗಳವಾರ ಪ್ರವಾಸದ ಫೋಟೋಗಳನ್ನು ಅಳಿಸಿದ್ದೆ. ಗುರುವಾರ ಮಗಳು ಪುಟ್ಟಿಯ ಶಾಲೆಯ ವಿಡಿಯೋಗಳನ್ನು. ಪ್ರತಿ ಸಲವೂ ಬೇಕಾದಷ್ಟು ಜಾಗವಾಗುತ್ತಿತ್ತು, ಮರುದಿನ ಮಂಗಮಾಯ. ಈಗ ಅಳಿಸಲು ಉಳಿದದ್ದು ಒಂದೇ ದೊಡ್ಡ ಫೈಲು. ಪುಟ್ಟಿ ಮೊದಲ ಹೆಜ್ಜೆ ಇಟ್ಟ ವಿಡಿಯೋ. ನಾಲ್ಕು ಹೆಜ್ಜೆ ಇಟ್ಟು ಧೊಪ್ಪೆಂದು ಕೂರುತ್ತಾಳೆ. ಹಿಂದಿನಿಂದ ಮಾವನ ದನಿ, ಗಂಟಲು ನೆಟ್ಟಗಿದ್ದ ಕಾಲದ್ದು: "ಒಳಗೆ ಬಾ, ಒಳಗೆ ಬಾ, ಜಾಗ ಇದೆ."

ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟವಳು ತೆಗೆದೆ. ಅವರ ದನಿ ಉಳಿಸಲು ಅವರ ದನಿಯನ್ನೇ ಅಳಿಸುವುದೆಂದರೆ ಯಾಕೋ ಕೈ ಬರಲಿಲ್ಲ.

ನಾನು ಆಸ್ಪತ್ರೆಯ ಬಟ್ಟೆ ಉಗ್ರಾಣದವಳು. ಹೊದಿಕೆ ಕಡಿಮೆ ಬಿದ್ದರೆ, ಯಾವ ವಾರ್ಡಿನಲ್ಲಿ ಸೇರಿಕೊಂಡಿವೆ ಎಂದು ಹುಡುಕುವುದೇ ನನ್ನ ಕೆಲಸ. ಅಲ್ಲಿ ಹಾಗೆ ಮಾಡುವವಳು ಮನೆಯಲ್ಲಿ ಮಾತ್ರ ಕೈಗೆ ಸಿಕ್ಕಿದ್ದನ್ನು ಎಸೆಯುತ್ತ ಕೂತಿದ್ದೆ. ಫೋಲ್ಡರುಗಳನ್ನೆಲ್ಲ ಗಾತ್ರದ ಪ್ರಕಾರ ಜೋಡಿಸಿ ನೋಡಿದೆ. ಎಲ್ಲಕ್ಕಿಂತ ಮೇಲೆ ಬಂದದ್ದು ಬ್ರೌಸರಿನ ಫೋಲ್ಡರು. ನಮ್ಮ ಫೋಟೋಗಳೆಲ್ಲ ಸೇರಿದರೂ ಅದರ ಮೊಣಕಾಲಿಗೆ ಬರುತ್ತಿರಲಿಲ್ಲ.

ಬ್ರೌಸರ್ ತೆರೆದೆ. ಮೇಲಿನ ಮೂಲೆಯಲ್ಲಿ ಬ್ರೌಸರಿಗೆ ಹೆಚ್ಚುವರಿ ಕೆಲಸ ಕಲಿಸುವ ಬಣ್ಣಬಣ್ಣದ ಹನ್ನೊಂದು ಪ್ಲಗಿನ್‌ಗಳು ಸಾಲಾಗಿ ನಿಂತಿದ್ದವು.

"ಮಾವ, ಇವೆಲ್ಲ ಯಾರು?"

ಅವರು ಕನ್ನಡಕ ಏರಿಸಿದರು. "ಓ, ಅವಾ. ತಾವೇ ಬಂದ್ವು. ಸೇರಿಸಲಾ ಅಂತ ಕೇಳ್ತವೆ. ಸರಿ ಅಂತೀನಿ."

"ಎಲ್ಲದಕ್ಕೂನಾ?"

"ಅಷ್ಟು ಮರ್ಯಾದೆಯಿಂದ ಕೇಳುವಾಗ, ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನೋದು ಹೇಗಮ್ಮ?"

ಪುಟ್ಟಿ ಹೋಂವರ್ಕ್ ಬಿಟ್ಟು ತಿರುಗಿದಳು. "ತಾತ, ಅದಕ್ಕೆ ಬೇಜಾರಾಗಲ್ಲ."

"ನೀನು ಕೇಳಿ ನೋಡಿದ್ದೀಯಾ?"

ಹನ್ನೊಂದನ್ನೂ ನಿಲ್ಲಿಸಿದೆ. ಡಿಸ್ಕಿನಲ್ಲಿ ಉಳಿದ ಜಾಗ ಎಷ್ಟೆಂದು ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಂಡೆ. ಆಮೇಲೆ ಒಂದೊಂದನ್ನೇ ಚಾಲೂ ಮಾಡಿ, ಮಾವ ದಿನಾ ನೋಡುವ ವಿಡಿಯೋವನ್ನು ಓಡಿಸಿದೆ. ಬೆಟ್ಟದ ತಿರುವುಗಳಲ್ಲಿ ಹಳೆಯ ಬಸ್ಸೊಂದು ಹತ್ತುವ ವಿಡಿಯೋ ಅದು. ಎಂಟರವರೆಗೆ ಅಂಕಿ ಹೆಚ್ಚೇನೂ ಅಲುಗಲಿಲ್ಲ. ಒಂಬತ್ತನೆಯದನ್ನು ಹಚ್ಚಿದ್ದೇ ತಡ, ಕಣ್ಣೆದುರೇ ಇಳಿಯತೊಡಗಿತು. ನೋಡಿದ ವಿಡಿಯೋವನ್ನೆಲ್ಲ, ಮುಂದೆ ಇಂಟರ್‌ನೆಟ್ ಇಲ್ಲದಾಗ ಬೇಕಾದೀತೆಂದು, ಎತ್ತಿಡುವ ಪ್ಲಗಿನ್ ಅದು. ಒಮ್ಮೆ ಎತ್ತಿಟ್ಟಿದ್ದೇನೆ ಎಂಬ ನೆನಪು ಅದಕ್ಕಿರಲಿಲ್ಲ. ನೋಡಿದಷ್ಟು ಸಲವೂ ಹೊಸ ಪ್ರತಿ.

"ಒಂದೇ ಬಸ್ಸು ಮುನ್ನೂರು ಸಲ ಬಂದು ನಿಂತಿದೆ ಮಾವ."

"ಮುನ್ನೂರಾ? ಡಿಪೋನೇ ಆಗಿದೆಯಲ್ಲ." ನಕ್ಕವರು ತಟ್ಟನೆ ನನ್ನತ್ತ ತಿರುಗಿದರು. "ಹಾಗಾದ್ರೆ ಫೋಟೋ, ಮಗುವಿನ ವಿಡಿಯೋ ಎಲ್ಲ ಹೋಗಿದ್ದು ನನ್ನಿಂದ."

"ಅಳಿಸಿದ್ದು ನಾನು. ಸುಮ್ನೆ ಹತ್ತಿ ಕೂತವರನ್ನ ಬಿಟ್ಟು, ಮನೆಯವರನ್ನೇ ಇಳಿಸಿದ್ದು ನಾನೇ ಅಲ್ವಾ?"

 ಮಾವ ಮೌಸನ್ನು ತಮ್ಮ ಕಡೆ ಎಳೆದುಕೊಂಡರು. ಒಂಬತ್ತನೆಯದರ ಮೇಲೆ ಒತ್ತಿದರು. ತೆಗೆದುಹಾಕಲೇ ಎಂದು ಅದು ಕೇಳಿತು. ಮಾವನ ಕೈ ನಿಂತಿತು.

"ಇದೂ ಕೇಳ್ತಿದೆಯಲ್ಲಮ್ಮ."

"ಇದಕ್ಕೆ ಸರಿ ಅನ್ನಿ ಮಾವ."

"ಇಳೀರಪ್ಪ, ಕೊನೇ ಸ್ಟಾಪು" ಎನ್ನುತ್ತ ಒತ್ತಿದರು. ಅದರ ಬೆನ್ನಿಗೇ ಅದು ಪೇರಿಸಿದ್ದ ಫೈಲುಗಳೂ ಹೋದವು. ಅಕ್ಷರ ದೊಡ್ಡದು ಮಾಡುವುದೊಂದನ್ನು ಉಳಿಸಿ, ಮಿಕ್ಕವನ್ನೂ ಅವರೇ ಇಳಿಸಿದರು. ಬ್ರೌಸರ್ ಮುಚ್ಚಿದಾಗ ಚಿಲ್ಲರೆ ಫೈಲುಗಳು ತಾವೇ ಅಳಿಯುವಂತೆ ಹೊಂದಿಸಿದೆ. ಹೊಸ ಪ್ಲಗಿನ್ ಬರಬೇಕಾದರೆ ಪಾಸ್‌ವರ್ಡ್ ಬೇಕು ಎಂದು ಬೀಗ ಹಾಕಿದೆ. ಅದರ ಮೊದಲರ್ಧ ಮಾವನಿಗೆ ಗೊತ್ತು, ಉಳಿದರ್ಧ ನನಗೆ.

ಆ ಮಧ್ಯಾಹ್ನ ಅರವತ್ತು ವಾಕ್ಯಗಳಾದವು. ಭಾನುವಾರ ಒಮ್ಮೆಯೂ ಡಿಸ್ಕ್ ತುಂಬಲಿಲ್ಲ. ಸಂಜೆ ನಾಲ್ಕಕ್ಕೆ ಒಂದೇ ಒಂದು ಉಳಿದಿತ್ತು, ಹಿಂದಿನ ದಿನವೇ ಬದಿಗಿಟ್ಟಿದ್ದು. ಇಡೀ ಪಟ್ಟಿಯಲ್ಲಿ ಅತಿ ಚಿಕ್ಕದು. "ಬೇಡ."

ಅವರು ಹೇಳಿದರು. ಅದು ಬೇಡ ಅಂದ ಹಾಗಿರಲಿಲ್ಲ, ಕ್ಷಮೆ ಕೇಳಿದ ಹಾಗಿತ್ತು. ಮತ್ತೆ ಹೇಳಿಸಿದೆ. ಈ ಸಲ ಪ್ರಶ್ನೆಯಾಯಿತು. ಐದು ಸಲವಾದರೂ ಅದೇ ಕಥೆ. ಗಡಿಯಾರ ನಾಲ್ಕೂವರೆ ದಾಟಿತು. ಮಾವನ ದನಿ ಒಡೆಯತೊಡಗಿತ್ತು.

ಪುಟ್ಟಿ ಕುರ್ಚಿಯ ಹಿಂದಿನಿಂದ ಬಂದು ಮೌಸಿನ ಮೇಲೆ ಕೈಯಿಟ್ಟಳು. "ತಾತ, ಬಸ್ಸಿನ ವಿಡಿಯೋ ಎತ್ತಿಡೋ ಪ್ಲಗಿನ್ ಇತ್ತಲ್ಲ, ಅದನ್ನ ವಾಪಸ್ ಹಾಕಲಾ?"

"ಬೇಡ."

ಸ್ವಲ್ಪ ಒಡಕು, ಆದರೆ ಗಟ್ಟಿಯಾಗಿ, ಸ್ಪಷ್ಟವಾಗಿ. ದನಿ ಹಿಡಿಯುತ್ತಿದೆ ಎಂದು ತೋರಿಸುವ ಕೆಂಪು ದೀಪ ಉರಿಯುತ್ತಲೇ ಇತ್ತು. ಫೈಲು ಉಳಿಯಿತು. ಐದಕ್ಕೆ ಹತ್ತು ನಿಮಿಷವಿದ್ದಾಗ ಆರುನೂರೂ ಮೇಡಂ ಕೈ ಸೇರಿದವು.

ಚಿಕಿತ್ಸೆಯಾಗಿ ಮೂರನೆಯ ವಾರ ಯಂತ್ರ ಬಂತು. ನಾನೂ ಪುಟ್ಟಿಯೂ ಆಸ್ಪತ್ರೆಗೆ ಹೋದಾಗ ಮಾವ ದಿಂಬಿಗೆ ಒರಗಿ ಕೂತಿದ್ದರು. ಕತ್ತಿನ ಕಟ್ಟು ನೋಡಿ ಪುಟ್ಟಿ ಬಾಗಿಲಲ್ಲೇ ನಿಂತುಬಿಟ್ಟಳು. ಅವರು ಎರಡು ಬೆರಳಿನಲ್ಲಿ ನಿಧಾನಕ್ಕೆ ಏನೋ ಒತ್ತಿ, ಕಾಲು ಸರಿಸಿ ಹಾಸಿಗೆಯಲ್ಲಿ ಎಡೆ ಮಾಡಿದರು.

"ಒಳಗೆ ಬಾ. ಜಾಗ ಇದೆ."

ಎರಡು ಮಾತಿನ ನಡುವೆ ಯಂತ್ರ ತುಸು ಹೆಚ್ಚೇ ತಡೆದಿತ್ತು. ದನಿ ಮಾತ್ರ ಅವರದೇ. ಪುಟ್ಟಿ ಚಪ್ಪಲಿ ಸಹಿತ ಹತ್ತಿ ಕೂತಳು.

ಆಗಲೇ ನರ್ಸ್ ಇಣುಕಿದರು. "ಅಜ್ಜ, ಚಳಿ ಇದೆಯಾ? ಇನ್ನೊಂದು ಹೊದಿಕೆ ತರಲಾ?"

ಮಾವ ಪುಟ್ಟಿಯ ಮುಖ ನೋಡಿ, ಗುಂಡಿ ಒತ್ತಿದರು.

"ಬೇಡ."

ಪುಟ್ಟಿ ಕಿಲಕಿಲ ನಕ್ಕಳು. ಮಾವನ ನಗುವಿಗೆ ಸದ್ದಿರಲಿಲ್ಲ, ಭುಜಗಳು ಕುಣಿಯುತ್ತಿದ್ದವು. ಯಾಕೆ ನಗುತ್ತಿದ್ದೇವೆಂದು ತಿಳಿಯದ ನರ್ಸ್, ಹೊದಿಕೆ ತರಬೇಕೋ ಬೇಡವೋ ಎಂದು ನನ್ನನ್ನು ಕೇಳಿದರು.