ಸ್ವಾಮಿಗಳಿಗೆ ಉಡೋನ್ ಸಾರು

ಜಪಾನಿನ ಅಡುಗೆ ಎಂದರೆ ಸುಶಿ ಎಂದುಕೊಂಡವರನ್ನು ಕಂಡರೆ ಗುರುವಿಗೆ ಮೈಯೆಲ್ಲ ಉರಿಯುತ್ತಿತ್ತು. ಒಸಾಕಾದವರ ಎಲೆಕೋಸಿನ ದೋಸೆ ಮ್ಯಾನ್‌ಹ್ಯಾಟನ್‌ನಲ್ಲಿ ಎಲ್ಲಿ ಚೆನ್ನಾಗಿ ಸಿಗುತ್ತದೆ, ಸಪ್ಪೊರೊ ರಾಮೆನ್‌ಗೆ ಫೋರ್ಟ್ ಲೀಯ ಯಾವ ಬೀದಿಗೆ ಹೋಗಬೇಕು, ಎಲ್ಲವೂ ಅವನಿಗೆ ಬಾಯಿಪಾಠ. ಬಾಗಲಕೋಟೆಯ ಲಿಂಗಾಯತರ ಮನೆಯ ಈ ಹುಡುಗ ಅಮೆರಿಕದ ಹ್ಯಾರಿಸನ್‌ಗೆ ಬಂದ ಮೇಲೆ ಮೀನು, ಹಂದಿ ಯಾವುದನ್ನೂ ಬಿಟ್ಟವನಲ್ಲ. ಅವ್ವನ ಎದುರು ಮಾತ್ರ ಅವನಷ್ಟು ಶುದ್ಧ ಸಸ್ಯಾಹಾರಿ ಇನ್ನೊಬ್ಬನಿಲ್ಲ.

ಆ ಅವ್ವ ಶಿವಲಿಂಗಮ್ಮ ಮೊಮ್ಮಗಳನ್ನು ನೋಡಿಕೊಳ್ಳಲು ಬಂದಿದ್ದರು. ಸೊಸೆ ಅನುಶ್ರೀ ಕ್ರ್ಯಾನ್‌ಬರಿಯ ಔಷಧ ಕಂಪನಿಯ ಕೆಲಸಕ್ಕೆ ಮರಳಬೇಕಾದರೆ ಅತ್ತೆ ಇರಲೇಬೇಕಿತ್ತು. ಆದರೆ ಅತ್ತೆಗೆ ಇಲ್ಲಿನ ಜೋಳದ ಹಿಟ್ಟು ಸೇರಲಿಲ್ಲ, ನೀರು ಸೇರಲಿಲ್ಲ, ಸೊಸೆಯ ತುಮಕೂರು ಕಡೆಯ ಸಾರಂತೂ ಸೇರಲೇ ಇಲ್ಲ. ಬೆಳಗ್ಗೆ ಲಿಂಗಪೂಜೆ ಮುಗಿಸಿ ಅರ್ಧ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರೆ ಆಯಿತು. "ನನ್ನ ಟಿಕೆಟ್ ಮಾಡ್ರಿ, ಹೊಂಡ್ತೀನಿ" ಎನ್ನುವುದು ದಿನದ ಮಾತಾಯಿತು.

ಒಂದು ಶನಿವಾರ ಗುರು ಆಫೀಸಿನ ಕೆಲಸದಲ್ಲಿ ಸಿಕ್ಕಿಕೊಂಡಿದ್ದ. ಅತ್ತೆಯನ್ನೂ ಮಗುವನ್ನೂ ಕೂರಿಸಿಕೊಂಡು ಅನುಶ್ರೀ ಎಡ್ಜ್‌ವಾಟರ್ ಕಡೆ ಡ್ರೈವ್ ಮಾಡಿದಳು. ಹಸಿವಾದಾಗ, ಗಂಡ ಸದಾ ಹೊಗಳುತ್ತಿದ್ದ ಸಾನುಕಿ ಉಡೋನ್ ಅಂಗಡಿ ನೆನಪಾಗಿ ಒಳಗೆ ಹೊಕ್ಕಳು. ಗಾಜಿನ ಆಚೆ ಒಬ್ಬಾತ ಕಣಕ ನಾದಿ, ಲಟ್ಟಿಸಿ, ಎಳೆ ಎಳೆಯಾಗಿ ಕೊಯ್ಯುತ್ತಿದ್ದ. ಶಿವಲಿಂಗಮ್ಮ ಅಲ್ಲೇ ನಿಂತುಬಿಟ್ಟರು.

"ಏ ಅನು, ಇವ್ರೂ ಶಾವಿಗಿ ಮಂದಿನ! ಆದ್ರ ಭಾಳ ದಪ್ಪ ಮಾಡ್ತಾರ."

ಬೋರ್ಡಿನಲ್ಲಿ ವೆಜಿಟಬಲ್ ಉಡೋನ್ ಎಂದಿತ್ತು. ನಮ್ಮವರಿಗೆ ವೆಜ್ ಎಂದು ಕಂಡರೆ ಮುಗಿಯಿತು, ಮುಂದೆ ಯಾರನ್ನೂ ಏನನ್ನೂ ಕೇಳುವುದಿಲ್ಲ. ಅನುಶ್ರೀಯೂ ಕೇಳಲಿಲ್ಲ.

ಅತ್ತೆ ಶಾವಿಗೆ ತಿಂದು ಮುಗಿಸಿ, ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಸಾರನ್ನು ಕೊನೆಯ ಹನಿಯವರೆಗೆ ಕುಡಿದರು. ವಾಪಸು ಬರುವಾಗ ಸೊಸೆಯ ಭುಜ ತಟ್ಟಿ, "ಹೊಟ್ಟಿ ತಣ್ಣಗಾತ ನೋಡವಾ" ಎಂದರು. ಮದುವೆಯಾದಂದಿನಿಂದ ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತಿಗೆ ಕಾದಿದ್ದ ಅನುಶ್ರೀಗೆ ಕಣ್ಣು ತುಂಬಿಬಂತು.

ಸಂಜೆ ಸುದ್ದಿ ಕೇಳಿ ಗುರು ಬಿಳಿಚಿಕೊಂಡ. ಹೆಂಡತಿಯನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದ.

"ಆ ಸಾರು ಒಣಮೀನಿಂದು, ಅನು. ಸಾನುಕಿ ಕಡೆ ಸಣ್ಣ ಒಣಮೀನು ಕುದಿಸೇ ಸಾರು ಮಾಡ್ತಾರ. ಮ್ಯಾಲ ಹಾಕಿದ್ದಷ್ಟ ವೆಜಿಟಬಲ್."

"ಅಯ್ಯೋ! ಮೊದಲೇ ಹೇಳೋಕೆ ಏನಾಗಿತ್ತು ನಿನಗೆ? ನಡಿ, ಈಗ್ಲೇ ಅತ್ತೆಗೆ ಹೇಳೋಣ."

"ಹುಚ್ಚೇನ ನಿನಗ? ನಾಳೇನ ಊರಿಗೆ ಹೊಂಟುಬಿಡ್ತಾಳ. ನಿನಗ ಹೆಂಗ ಗೊತ್ತಾತು ಅಂತ ನನ್ನ ಕೇಳಿದ್ರ? ಒಂದ ಸಲ ಅಲ್ಲೇನ, ಬಿಟ್ಟಬಿಡು."

ಒಂದೇ ಸಲವಾಗಿದ್ದರೆ ಕಷ್ಟವೇ ಇರಲಿಲ್ಲ. ಮುಂದಿನ ಶನಿವಾರ ಶಿವಲಿಂಗಮ್ಮ ಇಳಕಲ್ ಸೀರೆಯ ಮೇಲೆ ಜಾಕೆಟ್ ಹಾಕಿಕೊಂಡು ತಾವೇ ಬಾಗಿಲಲ್ಲಿ ನಿಂತಿದ್ದರು. ಮೀನಿಲ್ಲದ ಸಾರು ಇದೆಯೇ ಎಂದು ಅನುಶ್ರೀ ಅಂಗಡಿಯಾಕೆಯನ್ನು ಕದ್ದು ಕೇಳಿದಳು. ಇರುವುದೇ ಒಂದು ಹಂಡೆ, ನಮ್ಮೂರಿನ ಸಾರು ಇದೇ ಎಂದು ಆಕೆ ನಗುತ್ತ ತಲೆಬಾಗಿದಳು. ಸಾರಿಲ್ಲದ ಉಡೋನ್ ತರಿಸಿಕೊಟ್ಟರೆ ಅತ್ತೆ ಮುಖ ಗಂಟಿಕ್ಕಿದರು. "ಒಣಾ ಶಾವಿಗಿ ತಿನ್ನಾಕ ಇಲ್ಲೀತನ ಬರಬೇಕೇನ?" ಎಂದು, ಅಂಗಡಿಯಾಕೆ ಬೇರೆಯಾಗಿ ತಂದು ಸೊಸೆಯ ಮುಂದಿಟ್ಟಿದ್ದ ಸಾರಿನ ಬಟ್ಟಲನ್ನೇ ಎಳೆದುಕೊಂಡರು.

ಆಮೇಲೆ ಪ್ರತಿ ಶನಿವಾರವೂ ಉಡೋನ್, ಅವರ ಮೈ ತುಂಬಿಕೊಂಡಿತು. ಟಿಕೆಟಿನ ಮಾತು ನಿಂತಿತು. ಸೊಸೆಯ ತಲೆಗೆ ಎಣ್ಣೆ ತಿಕ್ಕುತ್ತ, ತಮ್ಮ ಅತ್ತೆ ಕೊಟ್ಟ ಕಾಟವನ್ನೆಲ್ಲ ಹೇಳಿ ನಗಿಸಿದರು. ಅವರು ಹತ್ತಿರವಾದಷ್ಟೂ ಅನುಶ್ರೀಗೆ ಹೇಳುವುದು ಕಷ್ಟವಾಗುತ್ತಿತ್ತು. ಈಗ ಹೇಳಿದರೆ ಕಳೆದುಕೊಳ್ಳುವುದು ಕೆಲಸವನ್ನಷ್ಟೇ ಅಲ್ಲ, ಈ ಅತ್ತೆಯನ್ನೂ.

ಶನಿವಾರಕ್ಕಿಂತ ಉಳಿದ ದಿನಗಳೇ ಯಾತನೆ. ಅತ್ತೆ ಆ ಸಾರನ್ನು ಮನೆಯಲ್ಲೇ ಮಾಡಲು ಹೊರಟಿದ್ದರು. ಒಣಕೊಬ್ಬರಿ ಸುಟ್ಟು ಹಾಕಿ ನೋಡಿದರು, ಗುರೆಳ್ಳು ಹುರಿದು ಹಾಕಿ ನೋಡಿದರು.

"ಅದೇನೋ ಒಂದು ರುಚಿ ಐತೆಲ್ಲ, ಅದು ಕೈಗೆ ಸಿಗವಲ್ದು. ನಿನಗೇನರೆ ಹೊಳೀತೇನ, ಅನು?"

"ಇಲ್ಲ ಅತ್ತೆ."

ಗುರು ಲ್ಯಾಪ್‌ಟಾಪಿನಿಂದ ತಲೆ ಎತ್ತುತ್ತಿರಲಿಲ್ಲ. ಇಂಥ ಗಂಡಸರಿಗೆ ಮೀಟಿಂಗ್ ಸರಿಯಾದ ಹೊತ್ತಿಗೇ ಬರುತ್ತದೆ.

ಅಷ್ಟರಲ್ಲಿ ಅವರ ಮಠದ ಸ್ವಾಮಿಗಳು ಅಮೆರಿಕ ಪ್ರವಾಸಕ್ಕೆ ಬಂದರು. ಮೆಟುಚೆನ್‌ನ ಭಕ್ತರೊಬ್ಬರ ಮನೆಯಲ್ಲಿ ಬಿಡಾರ. ಭಾನುವಾರ ಗುರುವಿನ ಮನೆಯಲ್ಲಿ ಪಾದಪೂಜೆ, ಪ್ರಸಾದ ಎಂದಾಯಿತು. ಶಿವಲಿಂಗಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಪಾಪ, ಸ್ವಾಮಿಗೋಳಿಗೂ ಇಲ್ಲೀ ಊಟ ಸೇರಿರೂದಿಲ್ಲ, ನನಗ ಆದಂಗ. ಹೋಳಿಗಿ ನಾ ಮಾಡ್ತೀನಿ. ಆ ಸಾರು ಶನಿವಾರನ ತಂದಿಟ್ಟು, ಬಿಸಿ ಮಾಡಿ ಕೊಡೂಣು."

ಶನಿವಾರ ಬಂದಾಗ, ಅಂಗಡಿ ಮುಚ್ಚಿದೆ ಅನ್ನು ಎಂದು ಗುರು ಕಿವಿಯಲ್ಲಿ ಹೇಳಿಕೊಟ್ಟ. ಅನುಶ್ರೀ ಹಾಗೆಯೇ ಅಂದಳು. "ನಡಿ, ಹೋಗಿ ನೋಡೇ ಬಿಡೂಣು" ಎಂದು ಅತ್ತೆ ಚಪ್ಪಲಿ ಮೆಟ್ಟಿದರು. ಗುರು ಮಗುವಿನ ನೆಪ ಹಿಡಿದು ಮನೆಯಲ್ಲೇ ಉಳಿದ.

ಅಂಗಡಿ ತೆರೆದೇ ಇತ್ತು. ಶಿವಲಿಂಗಮ್ಮ ಹೊಸ ಸ್ಟೀಲ್ ಕ್ಯಾರಿಯರ್ ತಿಕ್ಕಿ ತೊಳೆದು, ವಿಭೂತಿ ಹಚ್ಚಿ ತಂದಿದ್ದರು. ಅಂಗಡಿಯಾಕೆ ಅದನ್ನು ಹಂಡೆಯ ಪಕ್ಕಕ್ಕಿಟ್ಟು ಸೌಟು ಎತ್ತಿದಳು. ಅನುಶ್ರೀ ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಕೈ ಚಾಚಿ ಕ್ಯಾರಿಯರಿನ ಬಾಯಿ ಮುಚ್ಚಿದಳು. ಕುದಿಯುವ ಸಾರು ಬೆರಳ ಮೇಲೆ ಬಿತ್ತು.

"ಬೇಡ ಅತ್ತೆ. ಇದರಲ್ಲಿ ಮೀನಿದೆ. ಸ್ವಾಮಿಗಳಿಗೆ ಬೇಡ."

ಶಿವಲಿಂಗಮ್ಮ ಅವಳ ಮುಖವನ್ನೇ ನೋಡಿದರು.

"ಇವತ್ತ ಹಾಕ್ಯಾರೇನ?"

"ಇಲ್ಲ ಅತ್ತೆ. ಮೊದಲಿಂದ್ಲೂ."

"ನಿನಗ ಯಾವಾಗ ಗೊತ್ತಾತು?"

"ಮೊದಲನೇ ದಿನಾನೇ. ಸಂಜೆ."

ಶಿವಲಿಂಗಮ್ಮನ ಕೈ ಎದೆಯ ಮೇಲೆ, ಸೆರಗಿನೊಳಗಿನ ಲಿಂಗದ ಮೇಲೆ ಹೋಗಿ ಅಲ್ಲೇ ನಿಂತಿತು. ಕ್ಯಾರಿಯರನ್ನು ಅಲ್ಲೇ ಬಿಟ್ಟು ಕಾರಿನತ್ತ ನಡೆದರು.

ದಾರಿಯಲ್ಲಿ ಎಲ್ಲೋ ಆಕ್ಸಿಡೆಂಟ್ ಆಗಿ ಮೂರೂ ಲೇನು ಕಟ್ಟಿಕೊಂಡಿದ್ದವು. ಮುಂದಿನ ಕಾರು ಅಲುಗಲಿಲ್ಲ, ಹಿಂದಿನದೂ ಅಲುಗಲಿಲ್ಲ. ಅನುಶ್ರೀಯ ಬೆರಳು ಉರಿಯುತ್ತಿತ್ತು. ಗುರುವಿನ ಹೆಸರು ನಾಲಿಗೆಯ ತನಕ ಬಂತು, ಆದರೆ ಆಡಲಾಗಲಿಲ್ಲ. ತಾಯಿಗೆ ಒಂದೇ ದಿನ ಎರಡು ಪೆಟ್ಟು ಹೇಗೆ ಕೊಡುವುದು?

"ನೀವು ಊಟಾನೇ ಬಿಟ್ಟಿದ್ರಿ ಅತ್ತೆ. ಹೇಳಿದ್ರೆ ಹೊರಟುಹೋಗ್ತೀರಿ ಅಂತ ಭಯ ಆಯ್ತು."

ಅತ್ತೆ ಅವಳ ಸುಟ್ಟ ಬೆರಳುಗಳನ್ನು ನೋಡಿದರು.

"ಸ್ವಾಮಿಗೋಳ ಬಾಯಿಗೆ ಹೋಗ್ತೈತಿ ಅಂದಕೂಡ್ಲೆ ನಿನ್ನ ಕೈ ಸುಟ್ರೂ ಅಡ್ಡ ಬಂತು. ನನ್ನ ಬಾಯಿಗೆ ಯಾಕ ಬರಲಿಲ್ಲ?"

ಅನುಶ್ರೀಗೆ ಇಳಿದು ಓಡಿಹೋಗಬೇಕೆನಿಸಿತು, ಎಲ್ಲಿಗೆ ಎಂದು ತಿಳಿಯಲಿಲ್ಲ.

"ನಾಳೆ ನಾ ಪೂಜಿಗೆ ಕೂಡೂದಿಲ್ಲ. ಸ್ವಾಮಿಗೋಳು ಕೇಳಿದ್ರ, ಅತ್ತಿಯವ್ರಿಗೆ ಆರಾಮಿಲ್ಲ ಅಂತ ಹೇಳು" ಎಂದು ಶಿವಲಿಂಗಮ್ಮ ಕಿಟಕಿಯತ್ತ ತಿರುಗಿದರು. "ಸುಳ್ಳು ಹೇಳೂದು ನಿನಗ ಛಲೋ ಬರ್ತೈತಿ."