ಇನ್ನೊಂದು ಗಂಟೆಯ ದಾರಿ

ಬೆಟ್ಟ ಹತ್ತಬೇಕಾಗಿದ್ದವನು ಟೈಲರಮ್ಮನ ಗಂಡ, ಟೈಲರಮ್ಮ ಅಲ್ಲ. ಅವನೂ ಅವನ ತಂಗಿಯೂ ಮೂರು ವರ್ಷದಿಂದ ಊಟಕ್ಕೆ ಕೂತಾಗಲೆಲ್ಲ ಆ ಬೆಟ್ಟದ ಮಾತೇ ಆಡುತ್ತಿದ್ದರು. ಬುಡದಲ್ಲಿ ಬೆವರು ಕಿತ್ತುಬರುವ ಸೆಖೆ, ನಡುವೆ ಪಾಚಿ ಹಿಡಿದ ಕಾಡು, ನೆತ್ತಿಯಲ್ಲಿ ಹಿಮ. ತಂಗಿ ಶಾಲೆಯೊಂದರಲ್ಲಿ ವ್ಯಾಯಾಮದ ಟೀಚರು. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಮನೆಯಲ್ಲಿ ಅವಳ ಹೆಸರೂ ಸೀಟಿ.

ಅಣ್ಣನ ತಯಾರಿ ಮನೆಯ ಮೆಟ್ಟಿಲ ಮೇಲೆ ನಡೆದಿತ್ತು. ಎಂಟು ಮಹಡಿಯ ಕಟ್ಟಡ, ಬೆನ್ನ ಚೀಲದಲ್ಲಿ ನೀರು ತುಂಬಿದ ಎರಡು ಕ್ಯಾನು. ಒಬ್ಬನೇ ಹತ್ತಲು ಬೇಜಾರೆಂದು ಹೆಂಡತಿಯನ್ನೂ ಎಳೆದುಕೊಂಡಿದ್ದ. ಮೂರು ತಿಂಗಳು ಅವಳು ಗೊಣಗುತ್ತಲೇ ಹತ್ತಿದಳು, ಗೊಣಗುತ್ತಲೇ ಇಳಿದಳು. ಹೊರಡಲು ಹನ್ನೆರಡು ದಿನ ಇದ್ದಾಗ ಆರನೇ ಮಹಡಿಯಲ್ಲಿ ಅವನು ಮೆಟ್ಟಿಲು ತಪ್ಪಿದ. ಪಾದದ ಗೆಣ್ಣು ಮುರಿಯಿತು.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲೆ ಬಿದ್ದವನೇ ಹೇಳಿದ, “ನೀನು ಹೋಗು.”

“ನಿಮಗೆ ಏಟು ಬಿದ್ದಿರೋದು ಕಾಲಿಗೋ ತಲೆಗೋ?”

“ಸೀಟಿ ಒಬ್ಬಳನ್ನೇ ಕಳಿಸೋಕೆ ಮನಸ್ಸಿಲ್ಲ ಕಣೆ. ಅವಳಿಗೆ ನಿಲ್ಲೋದು ಗೊತ್ತಿಲ್ಲ. ನನ್ನಷ್ಟೇ ಮೆಟ್ಟಿಲು ನೀನೂ ಹತ್ತಿದೀಯ.”

ಸೀಟಿಗೆ ಇದು ಅಷ್ಟಾಗಿ ರುಚಿಸಲಿಲ್ಲ. “ಅತ್ತಿಗೆ, ಅಲ್ಲಿ ಲಿಫ್ಟ್ ಇರಲ್ಲ,” ಅಂದಳು, ನಗುತ್ತ. ನಗುವಿನ ಕೆಳಗಿದ್ದ ಮುಳ್ಳು ಟೈಲರಮ್ಮನಿಗೆ ತಾಕಿತು. ಮರುದಿನವೇ ಅಂಗಡಿಯಲ್ಲಿ ಹೊಲಿಗೆಗೆ ಬಂದಿದ್ದ ಬಟ್ಟೆಯನ್ನೆಲ್ಲ ಪಕ್ಕಕ್ಕಿಟ್ಟು, ಗಂಡನ ಮಳೆಯಂಗಿಯ ತೋಳು ಬಿಚ್ಚಿ ತನ್ನ ಅಳತೆಗೆ ಹೊಲಿದುಕೊಂಡಳು. ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಬಿ.ಪಿ. ನೋಡಿ, “ಹೋಗಿಬನ್ನಿ, ಆದರೆ ಅವಸರ ಬೇಡ,” ಎಂದರು.

ಅವಸರದ ವಿಷಯಕ್ಕೆ ಗೈಡ್ ಇನ್ನೂ ಖಡಕ್ಕು. ಐವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಹತ್ತು ಹೆಜ್ಜೆಗೊಮ್ಮೆ “ನಿಧಾನ, ನಿಧಾನ” ಅನ್ನುತ್ತಿದ್ದುದಕ್ಕೆ ಸೀಟಿ ಮೊದಲ ದಿನವೇ ಅವನಿಗೆ ನಿಧಾನಪ್ಪ ಎಂದು ಹೆಸರಿಟ್ಟಳು. ಕಾಡಿನ ಬಾಯಲ್ಲಿ ನಿಲ್ಲಿಸಿ ಅವನು ಒಂದೇ ಮಾತು ಹೇಳಿದ.

“ಮೇಲೆ ಗಾಳಿ ತೆಳು. ತಲೆನೋವು ಬಂದರೆ ಬಾಯಿಬಿಟ್ಟು ಹೇಳಬೇಕು. ಕುಡಿದವರ ಹಾಗೆ ತೂರಾಡೋಕೆ ಶುರುವಾದರೆ ಮಿದುಳಲ್ಲಿ ನೀರು ತುಂಬ್ತಿದೆ ಅಂತ. ಆಗ ಔಷಧ ಗೀಷಧ ಅಂತ ಕೂರೋ ಹಾಗಿಲ್ಲ. ಇಳೀಬೇಕು, ಆಗಿಂದಾಗಲೇ. ಗಟ್ಟಿಮುಟ್ಟಾದವರಿಗೇ ಇದು ಜಾಸ್ತಿ, ಯಾಕಂದ್ರೆ ಅವರು ಓಡ್ತಾರೆ.”

ಸೀಟಿ ಓಡಿದಳು. ಎರಡು ದಿನ ಕಾಡಿನ ಕೆಸರಲ್ಲಿ ಎಲ್ಲರಿಗಿಂತ ಮುಂದೆ. ಬಂಡೆಯ ಮೇಲೆ ಕೂತು, ಏದುಸಿರು ಬಿಡುತ್ತ ಬರುವ ಅತ್ತಿಗೆಗಾಗಿ ಕಾಯುವುದು, ಅವಳು ತಲುಪಿದೊಡನೆ ಎದ್ದು ಮತ್ತೆ ಹೊರಡುವುದು. ಟೈಲರಮ್ಮ ಹಿಂದೆಬಿದ್ದಳು. ಒಂದು ಹೆಜ್ಜೆ, ಒಂದು ಉಸಿರು. ಹೊಲಿಗೆ ಮಿಷನ್ನಿನ ಪೆಡಲು ತುಳಿದ ಹಾಗೆ. ಮೂರನೇ ದಿನ ಮರಗಳು ಮುಗಿದು, ಆಳೆತ್ತರದ ಬೂದುಬಣ್ಣದ ಗಿಡಗಳು ಬಂದವು. ಅವೂ ಮುಗಿದು ಬರೀ ಕಲ್ಲು. ಸಂಜೆ ತಗಡಿನ ಗುಡಿಸಲು ಸೇರಿದಾಗ ಸೀಟಿ ಊಟ ಬೇಡವೆಂದಳು.

“ತಲೆ ನೋಯ್ತಿದೆಯೇನೇ?”

“ಇಲ್ಲ ಅತ್ತಿಗೆ, ಸುಸ್ತು ಅಷ್ಟೇ. ನೀವು ನಿಮ್ಮ ತಲೆ ನೋಡ್ಕೊಳ್ಳಿ.”

ನಾಲ್ಕನೇ ದಿನ ಬೆಳಕು ಹರಿಯುತ್ತಲೇ ಹೊರಟರು. ಎರಡು ಗಂಟೆ ಹತ್ತುವಷ್ಟರಲ್ಲಿ ಮಂಜು ಕೆಳಗಿನಿಂದ ಎದ್ದುಬಂದು ಮುಚ್ಚಿಕೊಂಡಿತು. ಅಗಲವಾದ ಬಂಡೆಯೊಂದರ ಬಳಿ ನಿಧಾನಪ್ಪ ನಿಂತ. ಮುಂದೆ ಕಲ್ಲಿನ ಕೊರಕಲು. ಹಿಡಿದು ಹತ್ತಲು ಕಟ್ಟಿದ ಹಗ್ಗದ ಮೇಲೆ ಮಂಜುಗಡ್ಡೆ ಕೂತಿರಬಹುದು.

“ನೋಡ್ಕೊಂಡು ಬರ್ತೀನಿ. ಕಾಲು ಗಂಟೆ. ಇಲ್ಲಿಂದ ಅಲ್ಲಾಡಬೇಡಿ. ಎಡಗಡೆ ನೆಲ ಇಲ್ಲ,” ಎಂದು ಹೇಳಿ ಮಂಜಿನೊಳಗೆ ಹೋದ.

ಸೀಟಿಯ ಬೂಟಿನ ದಾರ ಬಿಚ್ಚಿತ್ತು. ಅವಳು ಬಗ್ಗಿ ಕಟ್ಟತೊಡಗಿದಳು. ಟೈಲರಮ್ಮ ಸುಮ್ಮನೆ ನೋಡುತ್ತಿದ್ದಳು. ದಾರ ಹಿಡಿದ ಬೆರಳುಗಳನ್ನು ಇಪ್ಪತ್ತು ವರ್ಷ ನೋಡಿದವಳು ಅವಳು. ಕೆಲಸ ಕಲಿಯಲು ಬಂದವರ ಕೈ ಎಲ್ಲಿ ತಡವರಿಸುತ್ತದೆಂದು ದೂರದಿಂದಲೇ ಹೇಳುತ್ತಿದ್ದಳು. ಈ ಬೆರಳುಗಳು ತಡವರಿಸುತ್ತಿರಲಿಲ್ಲ. ಅವಕ್ಕೆ ಗಂಟು ಹಾಕುವುದೇ ಮರೆತುಹೋಗಿತ್ತು. ದಾರವನ್ನು ಎತ್ತುವುದು, ಬಿಡುವುದು, ಮತ್ತೆ ಎತ್ತುವುದು.

ನಿಧಾನಪ್ಪ ಹೇಳಿದ್ದ ತೂರಾಟದ ಮಾತು ಟೈಲರಮ್ಮನಿಗೆ ನೆನಪಾಯಿತು.

“ಸೀಟಿ, ಎದ್ದು ನಾಲ್ಕು ಹೆಜ್ಜೆ ನೇರ ನಡಿ ನೋಡೋಣ.”

“ಯಾಕೆ?”

“ನಡಿ ಅಂದೆ.”

ಸೀಟಿ ಎದ್ದಳು. ಎರಡನೇ ಹೆಜ್ಜೆಗೇ ಓಲಾಡಿ ಬಂಡೆ ಹಿಡಿದಳು. ಜೇಬಿನಿಂದ ಮಾತ್ರೆಯ ಖಾಲಿ ಹಾಳೆ ಕೆಳಗೆ ಬಿತ್ತು. ತಲೆನೋವಿನ ಮಾತ್ರೆ. ಒಂದೂ ಉಳಿದಿರಲಿಲ್ಲ.

“ಯಾವಾಗಿಂದ ನುಂಗ್ತಿದೀಯ?”

“ನಿಮಗೆ ಮೊದಲಿಂದಲೂ ಬರೋ ಮನಸ್ಸಿರಲಿಲ್ಲ,” ಸೀಟಿಯ ಮಾತು ತೊದಲುತ್ತಿತ್ತು. “ಈಗ ನನ್ನ ನೆಪ ಮಾಡ್ಕೊಂಡು ಇಳೀಬೇಕು. ಅಣ್ಣ ಬಂದಿದ್ದರೆ… ನೀವು ಬರಬಾರದಿತ್ತು.”

“ಆಯ್ತು, ಬರಬಾರದಿತ್ತು. ಈಗ ಕೂತ್ಕೊ.”

ಸೀಟಿ ಕೂತಳು. ಅವಳಿಗೊಂದು ಲೋಟ ಬಿಸಿನೀರು ಕೊಡೋಣವೆಂದು ಟೈಲರಮ್ಮ ಚೀಲದ ಕಡೆ ತಿರುಗಿದಳು. ಫ್ಲಾಸ್ಕು ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಎಳೆದು ತೆಗೆದು ತಿರುಗುವಷ್ಟರಲ್ಲಿ ಬಂಡೆಯ ಬಳಿ ಯಾರೂ ಇರಲಿಲ್ಲ.

“ಸೀಟಿ!”

ಮಂಜು ಹಿಂಜಿದ ಹತ್ತಿಯಂತೆ ಬಾಯಿಗೆ ತುರುಕಿಕೊಂಡಿತು. ಕೂಗು ಎರಡು ಮಾರು ಹೋಗಿ ಸತ್ತಿತು. ನಿಧಾನಪ್ಪನನ್ನು ಕೂಗಿದಳು; ಉತ್ತರವಿಲ್ಲ. ಅಲ್ಲಾಡಬೇಡಿ ಎಂದಿದ್ದ. ಅಲ್ಲಾಡದೆ ಕೂತರೆ? ಗಂಡನ ಮುಖ ಕಣ್ಣಮುಂದೆ ಬಂತು, ತಕ್ಷಣ ಅದನ್ನು ದೂಡಿದಳು.

ಆಗ ಕೇಳಿಸಿತು. ಪೀ, ಪೀ. ಪೀ, ಪೀ. ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಸಾಲಾಗಿ ನಡೆಸುವ ಸೀಟಿ. ಎಡಗಡೆಯಿಂದ.

ಟೈಲರಮ್ಮ ಮಂಡಿಯೂರಿದಳು. ಅಂಬೆಗಾಲಲ್ಲಿ, ಮುಂದಿನ ನೆಲವನ್ನು ಅಂಗೈಯಿಂದ ತಡವಿ, ಗಟ್ಟಿಯಿದ್ದರೆ ಮಾತ್ರ ಮುಂದೆ. ಒಂದು ಕಡೆ ಕೈ ಇಟ್ಟಲ್ಲಿ ಸಡಿಲ ಕಲ್ಲು ಜಾರಿತು. ಅದು ಬಿದ್ದ ಸದ್ದಿಗಾಗಿ ಕಾದಳು. ಸದ್ದು ಬರಲೇ ಇಲ್ಲ. ಬಲಕ್ಕೆ ಸರಿದು ಮತ್ತೆ ತೆವಳಿದಳು.

ಸೀಟಿ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಒಂದು ಕೈಗವಸು ಇರಲಿಲ್ಲ. ಮಂಜಿನ ಕಡೆ ಕೈಮಾಡಿ, “ಎಡ, ಬಲ! ಹಿಂದಿನವರು ಸಾಲು ಬಿಡಬೇಡಿ!” ಎಂದು ಗದರುತ್ತಿದ್ದಳು.

ಹಿಂದಿನಿಂದ ಹೋಗಿ ಹಿಡಿದರೆ ಬೆಚ್ಚಿ ಮುಂದಕ್ಕೆ ಜಾರಬಹುದು. ಟೈಲರಮ್ಮ ಒಂದು ಗಳಿಗೆ ಉಸಿರು ಬಿಗಿಹಿಡಿದಳು. ಆಮೇಲೆ ತಣ್ಣಗೆ, ದೊಡ್ಡ ದನಿಯಲ್ಲಿ ಅಂದಳು, “ಟೀಚರ್, ಬೆಲ್ ಆಯ್ತು. ಮಕ್ಕಳನ್ನ ಒಳಗೆ ಕರ್ಕೊಂಡು ಬನ್ನಿ.”

ಸೀಟಿ ತಲೆ ತಿರುಗಿಸಿದಳು. “ಆಯ್ತಾ? ಇಷ್ಟು ಬೇಗ?”

“ಆಯ್ತು. ಕಾಲು ಮೇಲೆ ತಗೊಳ್ಳಿ. ಹಾಗೇ ಹಿಂದಕ್ಕೆ ಸರೀರಿ. ಇನ್ನೂ ಸ್ವಲ್ಪ.”

ಕೈಗೆ ಸಿಕ್ಕಿದೊಡನೆ ಟೈಲರಮ್ಮ ಅವಳ ಜಾಕೆಟ್ಟಿನ ಬೆನ್ನು ಹಿಡಿದು ಎಳೆದು, ಮೈಮೇಲೆ ಬಿದ್ದು ಅದುಮಿ ಹಿಡಿದಳು. ಇಬ್ಬರ ಎದೆಯೂ ಒಟ್ಟಿಗೆ ಹೊಡೆದುಕೊಳ್ಳುತ್ತಿತ್ತು. ಹಾಗೇ ಬಿದ್ದಿದ್ದಾಗ ಗಾಳಿ ಒಮ್ಮೆ ಬೀಸಿ ಮಂಜು ಹರಿಯಿತು. ನೆತ್ತಿ ಕಾಣಿಸಿತು. ದೂರದ್ದಲ್ಲ, ಇಗೋ ಇಲ್ಲೇ ಎಂಬಂತೆ. ಬಿಸಿಲು ಬಿದ್ದ ಹಿಮ, ಅದರ ಹಿಂದೆ ಕಡುನೀಲಿ. ಗೊಣಗುತ್ತ ಹತ್ತಿದ ಅಷ್ಟೂ ದಿನ ತನಗೆ ಇದು ಬೇಕಾಗಿರಲಿಲ್ಲ ಎಂದೇ ಟೈಲರಮ್ಮ ತಿಳಿದಿದ್ದಳು.

ಪೀ ಪೀ ಸದ್ದು ಕೇಳಿ ಓಡಿಬಂದ ನಿಧಾನಪ್ಪ ಒಂದೇ ನೋಟಕ್ಕೆ ಎಲ್ಲ ಅರ್ಥಮಾಡಿಕೊಂಡ. ಸೀಟಿಯ ಸೊಂಟಕ್ಕೆ ಹಗ್ಗ ಬಿಗಿದು ಒಂದು ತುದಿ ತಾನು, ಇನ್ನೊಂದು ತುದಿ ಟೈಲರಮ್ಮ. ಈ ಸಲ ಅವನ ಬಾಯಲ್ಲಿ ನಿಧಾನ ಎಂಬ ಮಾತಿರಲಿಲ್ಲ. “ಬೇಗ, ಅಮ್ಮಾ, ಬೇಗ.” ಸೀಟಿ ಬೈದಳು, ಅತ್ತಳು, ಎರಡು ಸಲ ವಾಂತಿ ಮಾಡಿಕೊಂಡಳು, ಒಮ್ಮೆ ಅತ್ತಿಗೆಯ ಕೈ ಕಚ್ಚಿದಳು. ಗುಡಿಸಲಿನಲ್ಲೂ ನಿಲ್ಲದೆ ಇಳಿದರು. ಬೂದುಗಿಡಗಳು ಮುಗಿದು ಮೊದಲ ಮರ ಸಿಕ್ಕಿದ ಮೇಲೆ ಸೀಟಿಯ ಹೆಜ್ಜೆ ಒಂದೊಂದಾಗಿ ನೆಟ್ಟಗಾಯಿತು. ಇಳಿಹೊತ್ತಿಗೆ ಕಾಡಿನ ಅಂಚಿನ ಕಾವಲು ಮನೆ ತಲುಪಿ, ಅಲ್ಲಿದ್ದ ಆಮ್ಲಜನಕದ ಸಿಲಿಂಡರು ಹಾಕಿದಾಗ ಅವಳು ಮೊದಲು ಕೇಳಿದ್ದು, “ನನ್ನ ಇನ್ನೊಂದು ಗ್ಲೌಸ್ ಎಲ್ಲಿ?”

ಹೊರಗೆ ನಿಧಾನಪ್ಪ ಟೈಲರಮ್ಮನನ್ನು ಕರೆದು ಮೆಲ್ಲಗೆ ಹೇಳಿದ. ನೆತ್ತಿಗೆ ಇನ್ನೊಂದು ಗಂಟೆಯ ದಾರಿ ಇತ್ತು ಅಷ್ಟೇ. ಕಾವಲಿನವರು ಬೆಳಿಗ್ಗೆ ನಿಮ್ಮ ನಾದಿನಿಯನ್ನು ಆಸ್ಪತ್ರೆಗೆ ಇಳಿಸುತ್ತಾರೆ. ನೀವು ಗಟ್ಟಿ ಇದೀರಿ. ಬೇಕಾದರೆ ನಿಮ್ಮನ್ನು ನಾನು ಮತ್ತೆ ಕರೆದೊಯ್ಯುತ್ತೇನೆ.

ಅವಳು ತುಸು ಹೊತ್ತು ಮೇಲಕ್ಕೆ ನೋಡಿದಳು. ಕಾಣಿಸುತ್ತಿದ್ದುದು ಬರೀ ಮೋಡ. “ಬೇಡಪ್ಪ. ಅವಳ ಜೊತೆ ಇಳೀತೀನಿ,” ಅಂದಳು. ಅನ್ನುವುದು ಸುಲಭವಾಗಿರಲಿಲ್ಲ.

ಒಳಗೆ ಸೀಟಿ ಗೋಡೆಗೊರಗಿ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

“ನೀವು ಹೋಗಬಹುದಿತ್ತು, ಅತ್ತಿಗೆ.”

“ಹೂಂ. ಹೋಗಬಹುದಿತ್ತು.”

“ಅಲ್ಲಿಂದ ನೆತ್ತಿ ಕಾಣ್ತಾ?”

ಇಲ್ಲವೆಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಟೈಲರಮ್ಮ ಸುಳ್ಳು ಹೇಳಲಿಲ್ಲ. “ಕಾಣ್ತು. ತುಂಬಾ ಹತ್ತಿರ ಇತ್ತು.”

ಸೀಟಿ ಮುಖ ತಿರುಗಿಸಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಟೈಲರಮ್ಮ ಸಮಾಧಾನ ಹೇಳಲು ಹೋಗಲಿಲ್ಲ. ಹೇಳೋಣವೆಂದರೆ ಅವಳಿಗೂ ಅಳು ಬಂದಿತ್ತು. ಬಹಳ ಹೊತ್ತಿನ ಮೇಲೆ ಸೀಟಿ ತಿರುಗದೆಯೇ ಅತ್ತಿಗೆಯ ಕೈ ತಡಕಿ ಹಿಡಿದು, ತನ್ನ ಹಲ್ಲಿನ ಗುರುತಿದ್ದ ಜಾಗದ ಮೇಲೆ ಹೆಬ್ಬೆರಳಿಟ್ಟಳು.

“ನೋಯ್ತಿದೆಯಾ?”

“ನೋಯದೆ ಇರತ್ತೇನೇ?” ಅಂದಳು ಟೈಲರಮ್ಮ. “ಮಲ್ಕೊ ಸ್ವಲ್ಪ.”