ಕೆಮ್ಮಣ್ಣಿಗೆ ಬಗ್ಗದ ಗುಳ್ಳೆ

ಸೊಂಟದ ಕೆಳಗೆ ಗುಳ್ಳೆ ಎದ್ದಾಗ ಅತ್ತೆ ಮಹಾಲಕ್ಷ್ಮಮ್ಮ ಸರ್ಪಸುತ್ತೆಂದು ತೀರ್ಮಾನಿಸಿ, ಹುತ್ರಿದುರ್ಗದ ಕಡೆಯ ಅಜ್ಜಿಯೊಬ್ಬಳನ್ನು ಕರೆಸಿ, ದೀಪಿಕಾಳ ತೊಡೆಗೆ ಮಂತ್ರ ಹಾಕಿಸಿ ಕೆಮ್ಮಣ್ಣು ಬಳಿಸಿದರು. ಮಣ್ಣು ಒಣಗಿ ಉದುರಿತು, ಉರಿ ಇಳಿಯಲಿಲ್ಲ. ಬಚ್ಚಲಿಗೆ ಹೋಗುವುದೆಂದರೆ ಕಣ್ಣಲ್ಲಿ ನೀರು. ಕಡೆಗೆ ಗಂಡ ಮಲ್ಲಿಕಾರ್ಜುನ್ ಕುಣಿಗಲ್‌ನಿಂದ ತುಮಕೂರಿನ ಡಾಕ್ಟರಮ್ಮನ ಹತ್ತಿರ ಕರೆತಂದ.

ಹಸಿ ಗುಳ್ಳೆಯ ನೀರನ್ನು ಹತ್ತಿಕಡ್ಡಿಯಲ್ಲಿ ತೆಗೆದು ಲ್ಯಾಬಿಗೆ ಕಳಿಸಿದ ಡಾಕ್ಟರು ಅಂದೇ ಮಾತ್ರೆ ಶುರುಮಾಡಿದರು. ರಿಪೋರ್ಟ್ ಬಂದ ದಿನ ಅವಳೊಬ್ಬಳನ್ನೇ ಒಳಗೆ ಕೂರಿಸಿಕೊಂಡರು.

“ಇದು ಸರ್ಪಸುತ್ತಲ್ಲಮ್ಮ, ಗುಪ್ತಾಂಗದ ಹರ್ಪಿಸ್. ಮೈಗೆ ಮೈ ತಾಗಿ ಬರೋದು. ಗುಳ್ಳೆ ಕಾಣದಿದ್ದಾಗ್ಲೂ ಅಂಟಬಹುದು. ಕಾಂಡೋಮ್ ಹಾಕಿದ್ರೆ ಅಪಾಯ ಕಮ್ಮಿ, ಪೂರ್ತಿ ಹೋಗಲ್ಲ. ಯಾರಿಂದ, ಯಾವಾಗ ಬಂತು ಅಂತ ಪರೀಕ್ಷೆ ಹೇಳಲ್ಲ. ನಿಮ್ಮ ಯಜಮಾನ್ರೂ ತೋರಿಸ್ಕೊಳ್ಲಿ. ಗುಳ್ಳೆ ಇಲ್ದಿದ್ರೆ ರಕ್ತ ನೋಡೋಣ.”

ಹೊರಗೆ ಬೆಂಚಿನ ಮೇಲೆ ತಾಯಿಯ ಪಕ್ಕ ಕೂತಿದ್ದ ಮಲ್ಲಿಕಾರ್ಜುನ್, ಅವಳು ಬಂದು ಹೇಳಿದ್ದನ್ನು ಕೇಳಿಸಿಕೊಂಡು ಸಣ್ಣಗೆ ನಕ್ಕ. “ನನಗೇನಾಗಿದೆ ತೋರಿಸ್ಕೊಳ್ಳೋಕೆ? ನಿಮ್ಮೂರು ಗುಬ್ಬಿಯಿಂದ್ಲೇ ತಂದಿರ್ತೀಯ. ನಿಮ್ಮಪ್ಪಂಗೆ ಫೋನ್ ಮಾಡ್ತೀನಿ, ಬಂದು ಕರ್ಕೊಂಡ್ ಹೋಗ್ಲಿ.”

ಬೆಳಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆಗೆ ಕೂರುವಾಗಿನ ಅದೇ ಶಾಂತ ಮುಖ.

“ಅವಳನ್ಯಾಕ್ಲಾ ಬಯ್ತೀಯ?” ಎಂದರು ಮಹಾಲಕ್ಷ್ಮಮ್ಮ. “ಡಾಕ್ಟ್ರು ಏನಾದ್ರೂ ಹೆಸ್ರು ಇಟ್ಕೊಳ್ಲಿ ಬುಡು. ಮದ್ವೆಗ್ ಮುಂಚೆ ನಿಂಗೂ ಅದೇ ಜಾಗದಲ್ಲಿ ಎದ್ದಿರ್ಲಿಲ್ವ? ನಾನೇ ಅಜ್ಜಿ ಕೈಲಿ ಬಳಿಸ್ದೆ. ಹೋಗೋದು, ಮತ್ತೆ ಬರೋದು. ಮೊನ್ನೆ ಶ್ರಾವಣದಲ್ಲೂ—”

“ಅಮ್ಮ, ಸುಮ್ನಿರು.”

ಶ್ರಾವಣದಲ್ಲಿ ಅವನ ಮೈಮೇಲಿನ ಗುಳ್ಳೆ ಕಂಡು ಅವಳು ಕೇಳಿದ್ದಳು. ಉಷ್ಣ ಕಣೇ, ಎಳನೀರು ಕುಡಿದ್ರೆ ಹೋಗುತ್ತೆ ಎಂದಿದ್ದ. ಕಾಯಿಲೆ ಬಂತೆಂದು ಅವಳಿಗೆ ಅಷ್ಟು ಸಿಟ್ಟಿರಲಿಲ್ಲ. ಅವನಿಗೂ ಅದರ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ತನ್ನ ಮೈಮೇಲೂ ಅದೇ ಗುಳ್ಳೆ ಎದ್ದಿದ್ದು ಗೊತ್ತಿದ್ದೂ, ನಾಲ್ಕು ಜನರೆದುರು ಅವಳ ನಡತೆಗೆ ಮಸಿ ಬಳಿದು ತವರಿಗೆ ಅಟ್ಟಲು ಹೊರಟಿದ್ದನಲ್ಲ, ಅದನ್ನು ಸಹಿಸಲಾಗಲಿಲ್ಲ.

“ಫೋನ್ ಮಾಡ್ರೀ,” ಎಂದಳು. ದನಿ ಏರಲಿಲ್ಲ. “ಅಪ್ಪ ಬರ್ಲಿ. ಅವರೆದುರಿಗೆ ಅತ್ತೆ ಈ ಮಾತನ್ನ ಇನ್ನೊಂದ್ಸಲ ಹೇಳ್ಲಿ.”

ಅವನ ಹೆಬ್ಬೆರಳು ಮೊಬೈಲಿನ ಮೇಲೆ ನಿಂತೇಹೋಯಿತು.

“ಗುಬ್ಬಿಗೆ ಹೋಗೋದು ಬಿಡೋದು ನಾನು ನೋಡ್ಕೋತೀನಿ. ನೀವು ಕಳಿಸಿದ್ರೆ ಹೋಗೋಳಲ್ಲ ನಾನು. ಡಾಕ್ಟ್ರು ಕಾಯ್ತವ್ರೆ, ಒಳಗ್ ನಡೀರಿ.”

ಮಹಾಲಕ್ಷ್ಮಮ್ಮ ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ನಿಧಾನವಾಗಿ ಅರ್ಥವಾದಂತೆ, ಬೆಂಚಿನಲ್ಲಿ ಮಗನ ಪಕ್ಕದಿಂದೆದ್ದು ದೀಪಿಕಾಳ ಪಕ್ಕಕ್ಕೆ ಬಂದು ನಿಂತರು.

“ನಡಿಯೋ,” ಎಂದರು.